ನಾನೂರು ಪೌಂಡಿನ ತಕ್ಕಡಿ: ತೂಕ ಇಳಿಸುವ ಗಂಡಸರಿಗೆ ಹಣ ಕೊಟ್ಟರೆ ಏನಾಗುತ್ತದೆ?

ಐವತ್ತರ ಆಸುಪಾಸಿನ, 120 ಕಿಲೋ ತೂಗುವ ಒಬ್ಬ ಗಂಡಸು ಗ್ಲಾಸ್ಗೋ ನಗರದ ಒಂದು ಕೋಣೆಯಲ್ಲಿ ತೂಕದ ಯಂತ್ರದ ಮೇಲೆ ನಿಂತಿದ್ದಾನೆ ಎಂದುಕೊಳ್ಳೋಣ. ತೂಕವನ್ನು ಬರೆದುಕೊಂಡ ಸಂಶೋಧಕಿ, ಅವನ ಹೆಸರಿನಲ್ಲಿ 400 ಪೌಂಡ್ ತೆಗೆದಿಡಲಾಗಿದೆ ಎಂದು ತಿಳಿಸುತ್ತಾಳೆ. ಆ ಹಣ ಈಗಿನಿಂದಲೇ ಅವನದು. ಆದರೆ ಕೈಗೆ ಬರುವುದು ವರ್ಷದ ಕೊನೆಗೆ, ಅದೂ ಅಷ್ಟರಲ್ಲಿ ಎಷ್ಟು ಉಳಿದಿರುತ್ತದೆಯೋ ಅಷ್ಟು ಮಾತ್ರ. ಮೂರು ತಿಂಗಳಿಗೆ ತೂಕ ಶೇ. 5ರಷ್ಟು ಇಳಿದು 114 ಕಿಲೋ ಆಗಬೇಕು. ಈ ಗುರಿಗೆ 50 ಪೌಂಡ್ ಪಣ. ಆರು ತಿಂಗಳಿಗೆ ಶೇ. 10ರಷ್ಟು ಇಳಿದು 108 ಕಿಲೋ ಆಗಬೇಕು. ಇದಕ್ಕೆ 150 ಪೌಂಡ್ ಪಣ. ಹನ್ನೆರಡನೆಯ ತಿಂಗಳಿನಲ್ಲಿಯೂ ಅದೇ 108ರಲ್ಲಿ ನಿಂತಿರಬೇಕು. ಉಳಿದ 200 ಪೌಂಡ್ ಇದರ ಪಾಲಿಗೆ. ಗುರಿ ತಪ್ಪಿದಂತೆಲ್ಲ ಗಂಟು ಕರಗುತ್ತದೆ. ಏನು ತಿನ್ನಬೇಕು, ಎಷ್ಟು ದೂರ ನಡೆಯಬೇಕು ಎಂದು ಯಾರೂ ಕಟ್ಟಳೆ ಹಾಕುವುದಿಲ್ಲ. ಯಾವ ತರಗತಿಗೂ ಹೋಗಬೇಕಿಲ್ಲ. ದಿನಕ್ಕೊಂದು ಮೊಬೈಲ್ ಸಂದೇಶ ಬರುತ್ತದೆ, ಗೊತ್ತಾದ ದಿನ ಬಂದು ತೂಕದ ಯಂತ್ರದ ಮೇಲೆ ಹತ್ತಿ ಇಳಿದರೆ ಮುಗಿಯಿತು.

ಈ ಏರ್ಪಾಡನ್ನು ನಿಜವಾಗಿ ನಡೆಸಿ ನೋಡಿದ ಪ್ರಯೋಗದ ಹೆಸರು 'ಗೇಮ್ ಆಫ್ ಸ್ಟೋನ್ಸ್'. ಬ್ರಿಟನ್ನಿನ ಜನ ಇವತ್ತಿಗೂ ತಮ್ಮ ಮೈತೂಕವನ್ನು ಹೇಳುವುದು 'ಸ್ಟೋನ್' ಎಂಬ ಹಳೆಯ ಅಳತೆಯಲ್ಲಿ. ಒಂದು ಸ್ಟೋನ್ ಎಂದರೆ ಸುಮಾರು 6.35 ಕಿಲೋ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಪ್ಯಾಟ್ ಹಾಡಿನಾಟ್ ಅವರ ನೇತೃತ್ವದಲ್ಲಿ ಬೆಲ್‌ಫಾಸ್ಟ್, ಬ್ರಿಸ್ಟಲ್ ಮತ್ತು ಗ್ಲಾಸ್ಗೋ ನಗರಗಳಲ್ಲಿ ನಡೆದ ಈ ಅಧ್ಯಯನಕ್ಕೆ 585 ಗಂಡಸರು ಸೇರಿದರು. ಅವರ ಸರಾಸರಿ ವಯಸ್ಸು 51ರ ಹತ್ತಿರ, ಸರಾಸರಿ ತೂಕ 119 ಕಿಲೋದ ಹತ್ತಿರ. ಫಲಿತಾಂಶವು 2024ರ ಮೇ ತಿಂಗಳಿನಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ತೂಕ ಇಳಿಸಿದವರಿಗೆ ದುಡ್ಡು ಕೊಡುವುದು ಎಂಬ ಮಾತು ಕೇಳಿದೊಡನೆ ಒಬ್ಬರಿಗೆ ನಗು, ಇನ್ನೊಬ್ಬರಿಗೆ ಸಿಟ್ಟು ಬರುವುದು ಸಹಜ. ಆದರೆ ಈ ಪ್ರಯೋಗದ ಸ್ವಾರಸ್ಯವಿರುವುದು ಹಣ ಕೊಟ್ಟದ್ದರಲ್ಲಿ ಅಲ್ಲ, ಕೊಟ್ಟ ಬಗೆಯಲ್ಲಿ. ಅದೇ ಮೊತ್ತವನ್ನು ಬೇರೆ ಬಗೆಯಲ್ಲಿ, ಬೇರೆ ಹೊತ್ತಿನಲ್ಲಿ ಕೊಟ್ಟರೆ ಏನೂ ಆಗದೆ ಹೋಗಬಹುದು ಎಂಬುದಕ್ಕೆ ಬೇರೆ ಅಧ್ಯಯನಗಳಲ್ಲಿ ಸಾಕ್ಷ್ಯವಿದೆ.

ಮೊದಲು ಫಲಿತಾಂಶವನ್ನು ನೋಡೋಣ. ಬಂದವರನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ಹಂಚಲಾಗಿತ್ತು. ಮೊದಲ ಗುಂಪಿಗೆ ದಿನನಿತ್ಯದ ಸಂದೇಶಗಳ ಜೊತೆಗೆ ಮೇಲೆ ಹೇಳಿದ 400 ಪೌಂಡಿನ ಏರ್ಪಾಡು ಇತ್ತು. ಆಗಿನ ವಿನಿಮಯ ದರದಲ್ಲಿ ಇದು ಸುಮಾರು 42,000 ರೂಪಾಯಿ. ಎರಡನೆಯ ಗುಂಪಿಗೆ ಸಂದೇಶಗಳು ಮಾತ್ರ. ಮೂರನೆಯ ಗುಂಪಿನವರು ಕಾಯುವ ಪಟ್ಟಿಯಲ್ಲಿದ್ದರು. ಅವರಿಗೆ ವರ್ಷ ಮುಗಿದ ಮೇಲೆ ಮೂರು ತಿಂಗಳ ಸಂದೇಶಗಳು ಸಿಗುವುದಿತ್ತು. ಹನ್ನೆರಡು ತಿಂಗಳಾದ ಮೇಲೆ ತೂಗಿದಾಗ ಮೊದಲ ಗುಂಪಿನ ತೂಕ ಸರಾಸರಿ ಶೇ. 4.8ರಷ್ಟು, ಎರಡನೆಯದರದು ಶೇ. 2.7ರಷ್ಟು, ಮೂರನೆಯದರದು ಶೇ. 1.3ರಷ್ಟು ಇಳಿದಿತ್ತು. ಹಣ ಮತ್ತು ಸಂದೇಶ ಎರಡೂ ಇದ್ದ ಗುಂಪಿಗೂ ಕಾಯುತ್ತಿದ್ದ ಗುಂಪಿಗೂ ನಡುವಿನ ಅಂತರ ಕಾಕತಾಳೀಯವಲ್ಲ ಎಂದು ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಖಚಿತವಾಗಿ ಹೇಳಬಹುದಾಗಿತ್ತು. ಸಂದೇಶ ಮಾತ್ರ ಪಡೆದ ಗುಂಪಿನ ಬಗ್ಗೆ ಹಾಗೆ ಹೇಳಲು ಆಗಲಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಹಣ ಮಾತ್ರ ಕೊಟ್ಟು ಸಂದೇಶ ಕಳಿಸದ ನಾಲ್ಕನೆಯ ಗುಂಪು ಈ ಪ್ರಯೋಗದಲ್ಲಿ ಇರಲಿಲ್ಲ. ಆದ್ದರಿಂದ ಹಣವೊಂದೇ ಇಷ್ಟು ಕೆಲಸ ಮಾಡಿತು ಎಂದು ಹೇಳಲು ಬಾರದು. ಸಂದೇಶದ ಜೊತೆಗೆ ಹಣ ಸೇರಿದಾಗ ಕೆಲಸವಾಯಿತು ಎನ್ನುವಷ್ಟಕ್ಕೆ ನಿಲ್ಲಬೇಕು. ವರ್ಷದ ಕೊನೆಗೆ ತೂಕ ಕೊಡಲು ಬಂದವರು 426 ಮಂದಿ, ಅಂದರೆ ಸುಮಾರು ಮುಕ್ಕಾಲು ಪಾಲು. ಬರದೆ ಉಳಿದವರ ತೂಕ ಏನಾಗಿರಬಹುದು ಎಂಬ ಪ್ರಶ್ನೆ ಇಂಥ ಎಲ್ಲ ಅಧ್ಯಯನಗಳಿಗೂ ಅಂಟಿಕೊಂಡೇ ಇರುತ್ತದೆ. ಭಾಗವಹಿಸಿದವರಲ್ಲಿ ಶೇ. 90ರಷ್ಟು ಜನ ಬಿಳಿಯರು ಎಂಬುದನ್ನೂ ಮರೆಯಬಾರದು.

ಇನ್ನು ಖರ್ಚಿನ ಮಾತು. ನಾನೂರು ಪೌಂಡಿನ ಆಸೆ ತೋರಿಸಿದರೂ ಕೊನೆಗೆ ಒಬ್ಬೊಬ್ಬರಿಗೆ ಸರಾಸರಿ ಸಂದಾಯವಾದದ್ದು 128 ಪೌಂಡ್ ಮಾತ್ರ, ಮತ್ತು ಪೂರ್ತಿ ಗಂಟನ್ನು ಉಳಿಸಿಕೊಂಡವರು ಕೇವಲ 27 ಮಂದಿ. ಬೇರೆ ಮಾತಿನಲ್ಲಿ ಹೇಳುವುದಾದರೆ, ಕೊಟ್ಟ ಹಣಕ್ಕಿಂತ ಕೊಡದೆ ಉಳಿದ ಹಣವೇ ಹೆಚ್ಚಾಗಿತ್ತು. ಆದರೂ ಕೊಡದೆ ಉಳಿದ ಆ ಹಣ ಸುಮ್ಮನೆ ಕೂತಿರಲಿಲ್ಲ, ತಿಂಗಳುಗಟ್ಟಲೆ ಆ ಗಂಡಸರ ತಲೆಯಲ್ಲಿ ಕೆಲಸ ಮಾಡುತ್ತಿತ್ತು. ಹೇಗೆ ಎಂಬುದನ್ನು ಬಿಡಿಸಿ ನೋಡಬೇಕು.

ಪ್ರೋತ್ಸಾಹಧನ ಎಂಬ ಪದ ಕನ್ನಡಿಗರಿಗೆ ಹೊಸದಲ್ಲ. ಹಾಲು ಒಕ್ಕೂಟಕ್ಕೆ ಹಾಲು ಹಾಕುವ ರೈತರಿಗೆ ಸರ್ಕಾರ ಲೀಟರಿಗೆ ಇಷ್ಟು ಎಂದು ಕೊಡುವ ಹಣಕ್ಕೂ ಇದೇ ಹೆಸರು. ಅಲ್ಲಿ ಲೆಕ್ಕ ಸರಳ: ಹೆಚ್ಚು ಹಾಲು, ಹೆಚ್ಚು ಹಣ. ತೂಕದ ವಿಷಯದಲ್ಲಿ ಲೆಕ್ಕ ಅಷ್ಟು ಸರಳವಲ್ಲ, ಏಕೆಂದರೆ ತೂಕ ಇಳಿಸುವುದರ ನಿಜವಾದ ಲಾಭ ಈಗಾಗಲೇ ಆ ಮನುಷ್ಯನಿಗೇ ಸೇರಿದ್ದು. ಶೇ. 5ರಷ್ಟು ತೂಕ ಇಳಿದರೂ ರಕ್ತದೊತ್ತಡ ಮತ್ತು ಸಕ್ಕರೆ ಪ್ರಮಾಣ ಹತೋಟಿಗೆ ಬರಲು ನೆರವಾಗುತ್ತದೆ, ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ಇಷ್ಟು ದೊಡ್ಡ ಲಾಭ ಕಣ್ಣೆದುರಿಗೆ ಇದ್ದೂ ಇಳಿಸದವನು ಕೆಲವು ಸಾವಿರ ರೂಪಾಯಿಗೆ ಏಕೆ ಇಳಿಸುತ್ತಾನೆ?

ಉತ್ತರ ಇರುವುದು ಕಾಲದ ಅಂತರದಲ್ಲಿ. ಸಂಜೆ ಐದೂವರೆಗೆ ಕಚೇರಿಯಿಂದ ಹೊರಬಿದ್ದವನ ಮೂಗಿಗೆ ದರ್ಶಿನಿಯ ಬಾಣಲೆಯಿಂದ ಬರುವ ಬೋಂಡದ ವಾಸನೆ ತಾಗುವುದು ಆ ಕ್ಷಣದಲ್ಲಿ. ಆ ಬೋಂಡವನ್ನು ಬಿಟ್ಟುದರಿಂದ ಆಗುವ ಲಾಭ ಹದಿನೈದು ವರ್ಷಗಳ ಆಚೆ, ಆಗದೆ ಹೋದ ಒಂದು ಹೃದಯಾಘಾತದ ರೂಪದಲ್ಲಿ ಇರುತ್ತದೆ, ಮತ್ತು ಆಗದೆ ಹೋದ ಹೃದಯಾಘಾತ ಯಾರ ಅನುಭವಕ್ಕೂ ಬರುವುದಿಲ್ಲ. ದೂರದ ದೊಡ್ಡ ಲಾಭವನ್ನು ಮನಸ್ಸು ಕುಗ್ಗಿಸಿ ನೋಡುತ್ತದೆ, ಹತ್ತಿರದ ಸಣ್ಣ ಸುಖವನ್ನು ಹಿಗ್ಗಿಸಿ ನೋಡುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ವರ್ತಮಾನದತ್ತ ವಾಲುವ ಸ್ವಭಾವ ಎನ್ನುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ. ಬೋಂಡದ ತಟ್ಟೆ ಮುಂದಿಟ್ಟುಕೊಂಡವರಲ್ಲಿ ವೈದ್ಯರೂ ಇರುತ್ತಾರೆ. ಮೂರು ತಿಂಗಳಾಚೆಯ 50 ಪೌಂಡ್ ಮಾಡುವ ಕೆಲಸವೆಂದರೆ, ಹದಿನೈದು ವರ್ಷಗಳಾಚೆ ಇರುವ ಲಾಭದ ಒಂದು ಸಣ್ಣ ತುಣುಕನ್ನು ಕಿತ್ತು ತಂದು, ಕ್ಯಾಲೆಂಡರಿನಲ್ಲಿ ಕಾಣಿಸುವ ಒಂದು ತಾರೀಕಿನ ಮೇಲೆ ಇಡುವುದು.

ಎರಡನೆಯ ಸೂತ್ರ, ನಷ್ಟದ ಕುರಿತಾದದ್ದು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಒಂದು ಮುಖ್ಯ ತಿರುಳು ಇದು: ಸಾವಿರ ರೂಪಾಯಿ ಸಿಕ್ಕಾಗ ಆಗುವ ಸಂತೋಷಕ್ಕಿಂತ ಸಾವಿರ ರೂಪಾಯಿ ಕಳೆದುಹೋದಾಗ ಆಗುವ ಸಂಕಟ ಹೆಚ್ಚು ತೂಕದ್ದು, ಅವರ ಮುಂದಿನ ಲೆಕ್ಕದಲ್ಲಿ ಅದು ಸುಮಾರು ಎರಡು ಪಟ್ಟು. ಕಾನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇಂಥ ಕೆಲಸಕ್ಕಾಗಿ. ಟ್ವೆರ್ಸ್ಕಿ ಆ ವೇಳೆಗೆ ತೀರಿಕೊಂಡಿದ್ದರು. ಗ್ಲಾಸ್ಗೋದ ಗಂಡಸಿಗೆ "ಗುರಿ ಮುಟ್ಟಿದರೆ 50 ಪೌಂಡ್ ಕೊಡುತ್ತೇವೆ" ಎನ್ನದೆ, "ಈ 400 ಪೌಂಡ್ ನಿಮ್ಮದು, ಗುರಿ ತಪ್ಪಿದರೆ ಹೋಗುತ್ತದೆ" ಎಂದದ್ದರ ಹಿಂದಿನ ಯೋಚನೆ ಇದೇ. ರೂಪಾಯಿ ಪೈಸೆಯ ಲೆಕ್ಕದಲ್ಲಿ ಎರಡೂ ಒಂದೇ ಮಾತು. ಆದರೆ ಮನಸ್ಸಿನ ಲೆಕ್ಕಪುಸ್ತಕದಲ್ಲಿ ಮೊದಲನೆಯದು ಬಂದರೆ ಬರಲಿ ಎನ್ನುವ ಕಡೆ ಬೀಳುತ್ತದೆ, ಎರಡನೆಯದು ಜೇಬಿನಿಂದ ಹೋಗುತ್ತದೆಯಲ್ಲ ಎನ್ನುವ ಕಡೆ ಬೀಳುತ್ತದೆ.

ಇದು ಬರೀ ಮಾತಿನ ಚಮತ್ಕಾರವೇ ಎಂದು ಕೇಳುವವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ನಡೆಸಿ 2016ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವನ್ನು ನೋಡಬಹುದು. ಅಲ್ಲಿ ಗುರಿ ತೂಕವಲ್ಲ, ದಿನಕ್ಕೆ 7,000 ಹೆಜ್ಜೆ. ತೂಕ ಹೆಚ್ಚಿದ್ದ 281 ಉದ್ಯೋಗಿಗಳಲ್ಲಿ ಒಂದು ಗುಂಪಿಗೆ ಗುರಿ ಮುಟ್ಟಿದ ದಿನ 1.40 ಡಾಲರ್ ಕೊಡಲಾಯಿತು. ಇನ್ನೊಂದು ಗುಂಪಿಗೆ ತಿಂಗಳ ಮೊದಲಲ್ಲೇ 42 ಡಾಲರ್ ಜಮಾ ಮಾಡಿ, ಗುರಿ ತಪ್ಪಿದ ಪ್ರತಿ ದಿನಕ್ಕೆ ಅದರಿಂದ 1.40 ಡಾಲರ್ ಕಳೆಯಲಾಯಿತು. ಮೂವತ್ತು ದಿನಕ್ಕೆ ಗುಣಿಸಿದರೆ ಎರಡೂ ಅದೇ 42 ಡಾಲರ್. ಏನೂ ಸಿಗದಿದ್ದವರು ನೂರರಲ್ಲಿ 30 ದಿನ ಗುರಿ ಮುಟ್ಟಿದರೆ, ದಿನಗೂಲಿಯಂತೆ ಪಡೆದವರು 35 ದಿನ ಮುಟ್ಟಿದರು. ಕಳೆದುಕೊಳ್ಳುವ ಏರ್ಪಾಡಿನಲ್ಲಿದ್ದವರು 45 ದಿನ ಮುಟ್ಟಿದರು. ಎಲ್ಲ ಪ್ರಯೋಗಗಳಲ್ಲೂ ಅಂತರ ಇಷ್ಟು ಎದ್ದು ಕಾಣುವುದಿಲ್ಲವಾದರೂ, ಒಂದೇ ಮೊತ್ತ ಎರಡು ಬಗೆಯಲ್ಲಿ ಕೆಲಸ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗುವುದು ಕಷ್ಟ.

ಅದೇ ವಿಶ್ವವಿದ್ಯಾಲಯದ ತಂಡ ಅದೇ ವರ್ಷ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ ಹಣ ಹೆಚ್ಚಾಗಿಯೇ ಇತ್ತು, ಫಲ ಮಾತ್ರ ಸೊನ್ನೆ. ತೂಕವನ್ನು ಶೇ. 5ರಷ್ಟು ಇಳಿಸಿದ ಉದ್ಯೋಗಿಗೆ ಆರೋಗ್ಯ ವಿಮೆಯ ಕಂತಿನಲ್ಲಿ 550 ಡಾಲರ್ ರಿಯಾಯಿತಿ ಎಂದು ಸಾರಲಾಗಿತ್ತು. ವರ್ಷ ಕಳೆದರೂ ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ವಿಮೆಯ ಕಂತು ಸಂಬಳದ ಚೀಟಿಯ ಕಡಿತಗಳ ಸಾಲಿನಲ್ಲಿ ಅಡಗಿರುವ ಒಂದು ಅಂಕಿ. ಅಲ್ಲಿ ಉಳಿದ ಹಣ ಕಣ್ಣಿಗೆ ಬೀಳುವುದಿಲ್ಲ, ಕೈಗೂ ತಾಗುವುದಿಲ್ಲ. ನಮ್ಮ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗದವರು ಇಂಥ ಯೋಜನೆಯನ್ನು ಕೈಗೆತ್ತಿಕೊಳ್ಳುವ ಮೊದಲು ಈ ಅಧ್ಯಯನವನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ.

ಹಾಗಾದರೆ ನಷ್ಟದ ಭಯ ಇಷ್ಟು ಬಲವಾದದ್ದಾದರೆ, ಮನುಷ್ಯನ ಸ್ವಂತ ಹಣವನ್ನೇ ಏಕೆ ಪಣಕ್ಕಿಡಬಾರದು? ಅದನ್ನೂ ಮಾಡಿ ನೋಡಿದ್ದಾರೆ. ಫಿಲಡೆಲ್ಫಿಯಾದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆವಿನ್ ವೋಲ್ಪ್ ಮತ್ತು ಸಂಗಡಿಗರು 57 ಜನರೊಂದಿಗೆ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದಲ್ಲಿ ಎಲ್ಲರೂ ಹಿಂದಿರುಗಿ ನೋಡುವಂಥದ್ದು. ಆ ಆಸ್ಪತ್ರೆಯ ಸ್ವರೂಪದಿಂದಾಗಿ ಅದರಲ್ಲಿದ್ದವರು ಬಹುಪಾಲು ಗಂಡಸರೇ. ಹದಿನಾರು ವಾರಗಳಲ್ಲಿ ಹದಿನಾರು ಪೌಂಡ್, ಅಂದರೆ ಸುಮಾರು 7.3 ಕಿಲೋ ಇಳಿಸುವುದು ಗುರಿ. ಒಂದು ಗುಂಪಿನವರು ದಿನಕ್ಕೆ 3 ಡಾಲರಿನವರೆಗೆ ತಮ್ಮ ಹಣವನ್ನು ಠೇವಣಿ ಇಡಬಹುದಿತ್ತು. ಸಂಶೋಧಕರು ಅದಕ್ಕೆ ಸಮನಾದ ಹಣವನ್ನೂ, ಅದರ ಮೇಲೆ ಇನ್ನಷ್ಟನ್ನೂ ಸೇರಿಸುತ್ತಿದ್ದರು. ಗುರಿ ತಪ್ಪಿದರೆ ಎಲ್ಲವೂ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ದಿನವೂ ಲಾಟರಿ. ಐದರಲ್ಲೊಂದು ಸಲ 10 ಡಾಲರ್, ನೂರರಲ್ಲೊಂದು ಸಲ 100 ಡಾಲರ್ ಬೀಳುವ ಸಂಭವ. ಆದರೆ ಆ ದಿನದ ತೂಕ ಗುರಿಯೊಳಗೆ ಇದ್ದರೆ ಮಾತ್ರ ಹಣ ಸಿಗುತ್ತಿತ್ತು. ಈ ಲಾಟರಿಯಲ್ಲಿ ಒಂದು ಸಣ್ಣ ಕ್ರೂರತೆ ಇತ್ತು. ಸಂಖ್ಯೆ ಹೊಡೆದ ದಿನ ತೂಕ ಗುರಿ ಮೀರಿದ್ದರೆ, ಇಳಿಸಿದ್ದರೆ ಇವತ್ತು ಎಷ್ಟು ಬರುತ್ತಿತ್ತು ಎಂಬುದನ್ನು ಆ ಮನುಷ್ಯನಿಗೆ ತಪ್ಪದೆ ತಿಳಿಸಲಾಗುತ್ತಿತ್ತು. ಲಾಟರಿ ಚೀಟಿ ಕೊಂಡು ಒಂದು ಅಂಕಿಯಲ್ಲಿ ಬಹುಮಾನ ತಪ್ಪಿಸಿಕೊಂಡ ಯಾರಿಗಾದರೂ ಆ ಹೊಟ್ಟೆ ಉರಿಯ ಪರಿಚಯ ಇರುತ್ತದೆ.

ಪ್ರತಿ ಗುಂಪಿನಲ್ಲೂ ಹತ್ತೊಂಬತ್ತು ಜನ. ಹದಿನಾರು ಪೌಂಡಿನ ಗುರಿಯನ್ನು ಲಾಟರಿಯ ಗುಂಪಿನಲ್ಲಿ 10 ಮಂದಿ, ಠೇವಣಿಯ ಗುಂಪಿನಲ್ಲಿ 9 ಮಂದಿ ಮುಟ್ಟಿದರೆ, ತಿಂಗಳಿಗೊಮ್ಮೆ ತೂಕ ಕೊಟ್ಟು ಹೋಗುತ್ತಿದ್ದ ಮೂರನೆಯ ಗುಂಪಿನಲ್ಲಿ ಮುಟ್ಟಿದವರು ಇಬ್ಬರೇ. ಇಷ್ಟು ಚೆನ್ನಾದ ಫಲಿತಾಂಶದ ಬೆನ್ನಿಗೇ ಕಹಿ ಸುದ್ದಿಯೂ ಇತ್ತು. ಹಣ ನಿಂತ ಮೇಲೆ, ಏಳನೆಯ ತಿಂಗಳಿನಲ್ಲಿ ಮತ್ತೆ ತೂಗಿದಾಗ ಇಳಿದ ತೂಕದ ಒಂದಷ್ಟು ಭಾಗ ಮರಳಿ ಬಂದಿತ್ತು, ಗುಂಪುಗಳ ನಡುವೆ ಖಚಿತವಾಗಿ ಹೇಳಬಹುದಾದ ಅಂತರ ಉಳಿದಿರಲಿಲ್ಲ.

ಸ್ವಂತ ಹಣದ ಠೇವಣಿಗೆ ಇನ್ನೊಂದು ತೊಡಕಿದೆ. ಕೇಳಿದೊಡನೆ ಜನ ಹಿಂದೆ ಸರಿಯುತ್ತಾರೆ. ಅಮೆರಿಕದ ಔಷಧ ಮಾರಾಟ ಕಂಪನಿಯೊಂದರ ಉದ್ಯೋಗಿಗಳು ಮತ್ತು ಅವರ ಪರಿಚಿತರಲ್ಲಿ ಸಿಗರೇಟು ಬಿಡಿಸಲು ನಡೆಸಿ 2015ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ, ಬರೀ ಬಹುಮಾನದ ಯೋಜನೆಗೆ ನೂರಕ್ಕೆ 90 ಜನ ಒಪ್ಪಿದರು. ಮೊದಲು ತಮ್ಮ ಕೈಯಿಂದ 150 ಡಾಲರ್ ಇಡಬೇಕಾದ ಯೋಜನೆಗೆ ಒಪ್ಪಿದವರು ನೂರಕ್ಕೆ 14ರಷ್ಟು ಮಾತ್ರ. ಒಪ್ಪಿಕೊಂಡವರ ಮೇಲೆ ಠೇವಣಿಯ ಪ್ರಭಾವ ಜೋರಾಗಿಯೇ ಇತ್ತು. ಆದರೆ ಬಾಗಿಲೊಳಗೆ ಯಾರೂ ಬರದಿದ್ದರೆ ಔಷಧ ಎಷ್ಟು ಬಲವಾಗಿದ್ದರೇನು? ಜೊತೆಗೆ, ಕೈಯಲ್ಲಿ ಹಣ ಇಲ್ಲದವನು ಪಣ ಇಡುವುದಾದರೂ ಎಲ್ಲಿಂದ? ಗೇಮ್ ಆಫ್ ಸ್ಟೋನ್ಸ್ ತಂಡ ಈ ಎರಡು ತೊಡಕುಗಳ ನಡುವಿನ ಹಾದಿಯನ್ನು ಹಿಡಿಯಿತು. ಹಣ ಸಾರ್ವಜನಿಕ ಬೊಕ್ಕಸದ್ದು, ಆದರೆ ಅದನ್ನು ಮೊದಲೇ ಅವನ ಹೆಸರಿಗೆ ಬರೆದು, ಅವನದನ್ನಾಗಿ ಮಾಡಿ, ಆಮೇಲೆ ಕಳೆದುಕೊಳ್ಳುವ ಭಯವನ್ನು ತಂದದ್ದು. ಬಡತನ ಹೆಚ್ಚಿರುವ ಪ್ರದೇಶಗಳ ಗಂಡಸರು ಈ ಪ್ರಯೋಗದಲ್ಲಿ ಶೇ. 39ರಷ್ಟಿದ್ದರು ಎಂಬುದು ಇದರಿಂದಲೇ ಸಾಧ್ಯವಾಯಿತು ಎಂದು ಹೇಳಿದರೆ ತಪ್ಪಾಗಲಾರದು.

ಗಂಡಸರೇ ಏಕೆ ಎಂಬ ಪ್ರಶ್ನೆಗೆ ಈಗ ಬರಬಹುದು. ಬ್ರಿಟನ್ನಿನಲ್ಲಿ ವಯಸ್ಕ ಗಂಡಸರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಜನ ಸ್ಥೂಲಕಾಯದವರು. ಆದರೆ ವಾರಕ್ಕೊಮ್ಮೆ ಸೇರಿ, ಸುತ್ತ ಕೂತು, ತೂಕದ ಸುಖದುಃಖ ಹಂಚಿಕೊಳ್ಳುವ ಗುಂಪುಗಳಲ್ಲಿ ಗಂಡಸರು ಬೆರಳೆಣಿಕೆಯಷ್ಟು. ಪಥ್ಯ ಎಂಬುದೇ ಹೆಂಗಸರ ಮಾತು ಎಂಬ ಭಾವನೆ, ಅಪರಿಚಿತರ ಮುಂದೆ ಹೊಟ್ಟೆಯ ವಿಷಯ ತೆಗೆಯುವ ಸಂಕೋಚ, ಕೆಲಸ ಬಿಟ್ಟು ಹೋಗಲು ಬಿಡುವಿಲ್ಲ ಎಂಬ ನೆಪ, ಇವೆಲ್ಲ ಸೇರಿ ಅವರನ್ನು ದೂರ ಇಡುತ್ತವೆ. ಈ ಜಾಡಿನಲ್ಲಿ ಸ್ಕಾಟ್ಲೆಂಡಿನಲ್ಲಿಯೇ ನಡೆದ ಇನ್ನೊಂದು ಪ್ರಯೋಗವು ಹಣ ಬಳಸದೆ ಬೇರೆಯದೇ ಆಮಿಷ ಒಡ್ಡಿತ್ತು. ಅಲ್ಲಿನ 13 ವೃತ್ತಿಪರ ಫುಟ್‌ಬಾಲ್ ಕ್ಲಬ್ಬುಗಳು 35ರಿಂದ 65 ವಯಸ್ಸಿನ ತಮ್ಮ ಅಭಿಮಾನಿ ಗಂಡಸರನ್ನು ಕ್ರೀಡಾಂಗಣಕ್ಕೇ ಕರೆದು, ಕ್ಲಬ್ಬಿನ ತರಬೇತುದಾರರಿಂದಲೇ ಹನ್ನೆರಡು ವಾರ ಪಾಠ ಮತ್ತು ವ್ಯಾಯಾಮ ಹೇಳಿಸಿದವು. ಒಟ್ಟು 747 ಜನರ ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಭಾಗವಹಿಸಿದವರು ಸರಾಸರಿ 5.56 ಕಿಲೋ ಇಳಿಸಿದ್ದರು, ಕಾಯುತ್ತಿದ್ದವರು 0.58 ಕಿಲೋ. ಚಿಕ್ಕಂದಿನಿಂದ ಗ್ಯಾಲರಿಯಿಂದ ನೋಡಿದ ಮೈದಾನದ ಅಂಚಿನಲ್ಲಿ ತಾವೇ ನಡೆದಾಡುವ ಅವಕಾಶ ಆ ಗಂಡಸರಿಗೆ ಯಾವ ನಗದಿಗೂ ಕಡಿಮೆಯದಾಗಿರಲಿಲ್ಲ. ಎರಡು ಪ್ರಯೋಗಗಳ ಕಿಲೋ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ ಎಂಬುದು ಕುತೂಹಲದ ಸಂಗತಿ. ನಾನೂರು ಪೌಂಡಿನ ಗುಂಪಿನವರು ಇಳಿಸಿದ್ದು ಸರಾಸರಿ 5.7 ಕಿಲೋ. ವ್ಯತ್ಯಾಸವಿರುವುದು ದುಡಿಮೆಯಲ್ಲಿ. ಒಂದಕ್ಕೆ ತರಬೇತುದಾರರು, ಜಾಗ, ಹನ್ನೆರಡು ವಾರಗಳ ಪಾಠ ಬೇಕು. ಇನ್ನೊಂದಕ್ಕೆ ಒಂದು ತೂಕದ ಯಂತ್ರ, ತಾನಾಗಿ ಸಂದೇಶ ಕಳಿಸುವ ಒಂದು ವ್ಯವಸ್ಥೆ ಮತ್ತು ಸರಾಸರಿ 128 ಪೌಂಡ್ ಸಾಕು.

ಬ್ರಿಟನ್ನಿನಲ್ಲಿ ಸಂದೇಶಗಳು ಒಂಟಿಯಾಗಿ ಗೆಲ್ಲಲಿಲ್ಲ ಎಂದಮಾತ್ರಕ್ಕೆ ಅವನ್ನು ತಳ್ಳಿಹಾಕಲಾಗದು. ಚೆನ್ನೈನ ಮಧುಮೇಹ ತಜ್ಞ ಡಾ. ಎ. ರಾಮಚಂದ್ರನ್ ಅವರ ತಂಡ ದಕ್ಷಿಣ ಭಾರತದಲ್ಲಿ, ಮಧುಮೇಹದ ಅಂಚಿನಲ್ಲಿದ್ದ 537 ದುಡಿಯುವ ಗಂಡಸರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷಗಳ ಕಾಲ ಮೊಬೈಲ್ ಸಂದೇಶ ಪಡೆದವರಲ್ಲಿ ಶೇ. 18ರಷ್ಟು ಮಂದಿಗೆ ಮಧುಮೇಹ ಬಂತು. ಮೊದಲ ಸಲದ ಸಲಹೆ ಮಾತ್ರ ಪಡೆದವರಲ್ಲಿ ಶೇ. 27ರಷ್ಟು ಮಂದಿಗೆ ಬಂತು. ಇಲ್ಲಿ ಒಂದು ರೂಪಾಯಿಯ ಆಮಿಷವೂ ಇರಲಿಲ್ಲ. ವಿಚಿತ್ರವೆಂದರೆ ಅವರ ಮೈತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ಊಟದ ಬಗೆ ಬದಲಾಗಿತ್ತು. ತೂಕದ ಯಂತ್ರವೊಂದನ್ನೇ ನಂಬಿ ಹಣ ಹಂಚುವ ಯೋಜನೆ ಹಾಕುವವರು ಇದನ್ನು ನೆನಪಿಡಬೇಕು, ಏಕೆಂದರೆ ಭಾರತೀಯರ ದೇಹದಲ್ಲಿ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುತ್ತದೆ. ನಮ್ಮ ವೈದ್ಯರು ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಹೊಂದುತ್ತದೆ ಎಂದು ಹೇಳುವ ಅಂಕಿ) 23 ದಾಟಿದರೆ ಅಧಿಕ ತೂಕ, ಗಂಡಸಿನ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದರೆ ಅಪಾಯ ಎಂದು ಲೆಕ್ಕ ಹಿಡಿಯುವುದು ಇದಕ್ಕೇ. ಬಿಎಂಐ 25ರ ಗೆರೆಯಿಂದಲೇ ಎಣಿಸಿದರೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗಂಡಸರಲ್ಲಿ ನೂರಕ್ಕೆ ಸುಮಾರು 31 ಮಂದಿ ಆ ಗೆರೆಯ ಮೇಲಿದ್ದರು.

ಕರ್ನಾಟಕದಲ್ಲಿ ಹಣದ ಆಮಿಷವನ್ನು ಬಹಿರಂಗವಾಗಿ ಪ್ರಯೋಗಿಸಿ ನೋಡಿದವರೂ ಇದ್ದಾರೆ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾದ ಸ್ಥಾಪಕ ನಿತಿನ್ ಕಾಮತ್ 2022ರ ಏಪ್ರಿಲ್‌ನಲ್ಲಿ, ಬಿಎಂಐ 25ಕ್ಕಿಂತ ಕಡಿಮೆ ಇರುವ ಉದ್ಯೋಗಿಗಳಿಗೆ ಅರ್ಧ ತಿಂಗಳ ಸಂಬಳ ಬೋನಸ್ ಎಂದು ಘೋಷಿಸಿದರು. ಆಗ ಅವರ ತಂಡದ ಸರಾಸರಿ 25.3 ಇತ್ತು, ಆಗಸ್ಟ್ ಹೊತ್ತಿಗೆ ಅದು 24ಕ್ಕಿಂತ ಕೆಳಗೆ ಬಂದರೆ ಎಲ್ಲರಿಗೂ ಇನ್ನರ್ಧ ತಿಂಗಳ ಸಂಬಳ. ಬಿಎಂಐ ಪರಿಪೂರ್ಣ ಅಳತೆಯಲ್ಲ, ಆದರೆ ಶುರುಮಾಡಲು ಸುಲಭ ಎಂದು ಅವರೇ ಹೇಳಿದ್ದರು. ಇಲ್ಲಿನ ತೊಡಕು ಏನೆಂಬುದನ್ನು ಇಬ್ಬರು ಉದ್ಯೋಗಿಗಳ ಲೆಕ್ಕದಿಂದ ನೋಡಬಹುದು. ಇಬ್ಬರ ಎತ್ತರವೂ 170 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಬಿಎಂಐ 25.5 ಇರುವವನು ಒಂದೂವರೆ ಕಿಲೋ ಇಳಿಸಿದರೆ ಗೆರೆ ದಾಟುತ್ತಾನೆ. ಬಿಎಂಐ 34 ಇರುವವನು 98 ಕಿಲೋದಿಂದ 72ಕ್ಕೆ ಬರಬೇಕು, ಅಂದರೆ 26 ಕಿಲೋ ಇಳಿಸಬೇಕು. ಮೊದಲನೆಯವನು ಒಂದು ವಾರ ರಾತ್ರಿ ಅನ್ನ ಬಿಟ್ಟು ಬೋನಸ್ ಪಡೆಯುತ್ತಾನೆ. ಯಾರಿಗೆ ನೆರವು ಹೆಚ್ಚು ಬೇಕಿತ್ತೋ ಆ ಎರಡನೆಯವನು ಲೆಕ್ಕ ಹಾಕಿ ನೋಡಿ ಮೊದಲ ದಿನವೇ ಕೈ ಚೆಲ್ಲುತ್ತಾನೆ. ಗೇಮ್ ಆಫ್ ಸ್ಟೋನ್ಸ್‌ನಲ್ಲಿ ಗುರಿಯನ್ನು ಅವರವರ ತೂಕದ ಶೇಕಡಾವಾರಿನಲ್ಲಿ ಇಟ್ಟದ್ದು, ಅದರಲ್ಲೂ ಮೊದಲ ಮೆಟ್ಟಿಲನ್ನು ಶೇ. 5ಕ್ಕೆ ತಗ್ಗಿಸಿದ್ದು ಈ ಕಾರಣದಿಂದ ಮಹತ್ವದ್ದು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಾಮತ್ ಹೊಸ ಸವಾಲು ಮುಂದಿಟ್ಟರು. ಈ ಸಲ ಗೆರೆ ಎಳೆದದ್ದು ತೂಕಕ್ಕಲ್ಲ, ದಿನದಿನದ ಚಟುವಟಿಕೆಗೆ. ತಾವೇ ಹಾಕಿಕೊಂಡ ಗುರಿಯನ್ನು ಮುಂದಿನ ವರ್ಷದ ಶೇ. 90 ದಿನಗಳಲ್ಲಿ ಮುಟ್ಟಿದವರಿಗೆ ಒಂದು ತಿಂಗಳ ಸಂಬಳ, ಅವರಲ್ಲಿ ಚೀಟಿ ಎತ್ತಿ ಒಬ್ಬರಿಗೆ 10 ಲಕ್ಷ ರೂಪಾಯಿ. ಫಲಕ್ಕೆ ಹಣ ಕೊಡಬೇಕೋ, ಕೆಲಸಕ್ಕೆ ಕೊಡಬೇಕೋ ಎಂಬ ಹಳೆಯ ಚರ್ಚೆಯಲ್ಲಿ ಇದು ಎರಡನೆಯ ಕಡೆಗೆ ವಾಲಿದ ಹೆಜ್ಜೆ. ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸಿನ ಬಡ ಬಡಾವಣೆಗಳ 668 ಜನರ ಮೇಲೆ ನಡೆದ ಪ್ರಯೋಗದಲ್ಲಿ, ತೂಕ ಇಳಿದುದಕ್ಕೆ ಹಣ ಪಡೆದವರಲ್ಲಿ ಶೇ. 39ರಷ್ಟು ಮಂದಿ ಆರು ತಿಂಗಳಿಗೆ ಶೇ. 5ರ ಗುರಿ ಮುಟ್ಟಿದರೆ, ತಿಂದದ್ದನ್ನು ಬರೆದಿಡುವುದು, ವ್ಯಾಯಾಮ ಮಾಡುವುದು ಮುಂತಾದ ಕೆಲಸಗಳಿಗೆ ಹಣ ಪಡೆದವರಲ್ಲಿ ಶೇ. 49ರಷ್ಟು ಮಂದಿ ಮುಟ್ಟಿದರು. ಆದರೆ ಆ ಪ್ರಯೋಗದಲ್ಲಿದ್ದವರು ಹೆಚ್ಚಾಗಿ ಹೆಂಗಸರು. ಏನು ಮಾಡಬೇಕು ಎಂದು ಹೇಳಿಸಿಕೊಳ್ಳಲು ಒಲ್ಲದ ಗಂಡಸರಲ್ಲಿಯೂ ಅದೇ ಫಲ ಬರುತ್ತದೆಂದು ಅದರಿಂದ ತೀರ್ಮಾನಿಸಲಾಗದು.

ದುಬೈ ಪುರಸಭೆ 2013ರ ರಂಜಾನ್ ಸಮಯದಲ್ಲಿ ಇಳಿಸಿದ ಪ್ರತಿ ಕಿಲೋಗೆ ಒಂದು ಗ್ರಾಂ ಚಿನ್ನ ಕೊಡುವ ಯೋಜನೆ ತಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಬೆರಗಾಗಿ ಬರೆದವು. ತುಲಾಭಾರದಲ್ಲಿ ಇರುವ ತೂಕಕ್ಕೆ ಚಿನ್ನ ತೂಗಿದರೆ, ಇಲ್ಲಿ ಇಲ್ಲವಾದ ತೂಕಕ್ಕೆ ಚಿನ್ನ. ಸುದ್ದಿಗೆ ಒಳ್ಳೆಯದೇ, ಆದರೆ ತಿಂಗಳೊಂದರ ಅವಧಿಗೆ ಕೊಡುವ ಚಿನ್ನವು ತಿಂಗಳೊಂದರ ಉಪವಾಸವನ್ನು ಕೊಂಡುಕೊಳ್ಳಬಹುದೇ ಹೊರತು ವರ್ಷದ ಊಟದ ರೂಢಿಯನ್ನಲ್ಲ. ಮೊದಲ ವಾರಗಳಲ್ಲಿ ಸರಸರನೆ ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು ಎಂಬುದು ವ್ಯಾಯಾಮ ಶಾಲೆಯ ಹುಡುಗರಿಗೂ ಗೊತ್ತು.

ತನ್ನ ಆರೋಗ್ಯವನ್ನು ತಾನು ನೋಡಿಕೊಳ್ಳಲು ಸರ್ಕಾರ ದುಡ್ಡು ಏಕೆ ಕೊಡಬೇಕು, ಮಿತವಾಗಿ ತಿಂದು ತೂಕ ಕಾಪಾಡಿಕೊಂಡವನಿಗೆ ಇದು ಅನ್ಯಾಯವಲ್ಲವೇ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಆದರೆ ಅದೇ ಸರ್ಕಾರ ನಾಳೆ ಅವನ ಹೃದಯಕ್ಕೆ ಸ್ಟೆಂಟ್ ಹಾಕಿಸುವಾಗ ಯಾರೂ ಈ ಪ್ರಶ್ನೆ ಎತ್ತುವುದಿಲ್ಲ, ಮತ್ತು 128 ಪೌಂಡಿಗೆ ಯಾವ ಸ್ಟೆಂಟೂ ಬರುವುದಿಲ್ಲ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಇನ್ನೊಂದು ಹೋಲಿಕೆ. ಹಸಿವನ್ನು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದಿನ ಮುಖ್ಯ ಪ್ರಯೋಗದಲ್ಲಿ 68 ವಾರಗಳಿಗೆ ತೂಕ ಸರಾಸರಿ ಶೇ. 15ರಷ್ಟು ಇಳಿದಿತ್ತು, ಅದರ ಪಕ್ಕದಲ್ಲಿ ಶೇ. 4.8 ಸಣ್ಣದಾಗಿ ಕಾಣುತ್ತದೆ. ಆದರೆ ಚುಚ್ಚುಮದ್ದು ನಿಲ್ಲಿಸಿದವರಲ್ಲಿಯೂ ತೂಕ ಮರಳಿ ಬರುತ್ತದೆ, ಎಲ್ಲರ ದೇಹಕ್ಕೂ ಅದು ಒಗ್ಗುವುದಿಲ್ಲ, ಬೇಕೆಂದವರೆಲ್ಲರಿಗೂ ಎಟಕುವುದಿಲ್ಲ. ನಿಲ್ಲಿಸಿದ ಮೇಲೇನು ಎಂಬ ಪ್ರಶ್ನೆಗೆ ಔಷಧವೂ ಹಣವೂ ಒಂದೇ ರೀತಿ ತಲೆ ತಗ್ಗಿಸುತ್ತವೆ.

ಹಾಡಿನಾಟ್ ಅವರ ತಂಡ ಈ ಪ್ರಶ್ನೆಯನ್ನು ಮೊದಲೇ ಎಣಿಸಿತ್ತು ಎಂಬುದು 400 ಪೌಂಡನ್ನು ಹಂಚಿದ ರೀತಿಯಲ್ಲಿಯೇ ಇದೆ. ಮತ್ತೆ ಗ್ಲಾಸ್ಗೋದ ಆ ಗಂಡಸಿನ ಲೆಕ್ಕಕ್ಕೆ ಬಂದರೆ, 120ರಿಂದ 108ಕ್ಕೆ ಇಳಿಯುವ ಮೊದಲ ಆರು ತಿಂಗಳಿಗೆ ಅವನ ಹೆಸರಿನಲ್ಲಿ ಇರುವುದು 50 ಮತ್ತು 150, ಒಟ್ಟು 200 ಪೌಂಡ್. ಕಡೆಯ ಆರು ತಿಂಗಳಿಗೆ ಇರುವುದೂ 200 ಪೌಂಡ್. ಆ ಆರು ತಿಂಗಳಿನಲ್ಲಿ ಅವನು ಒಂದು ಗ್ರಾಮನ್ನೂ ಇಳಿಸಬೇಕಿಲ್ಲ. ಜೂನಿನಲ್ಲಿ ಯಂತ್ರದ ಮುಳ್ಳು ಎಲ್ಲಿ ನಿಂತಿತ್ತೋ, ಕ್ರಿಸ್ಮಸ್ ಊಟವೆಲ್ಲ ಮುಗಿದ ಮೇಲೂ ಅಲ್ಲಿಯೇ ನಿಲ್ಲಿಸಬೇಕು, ಅಷ್ಟೇ.